ಮೂರು ಬುಡ ಹುಲ್ಲು

ನಲವತ್ತು ವರ್ಷ ನಾನು ಕಾಫಿ ತೋಟದಲ್ಲಿ ಹುಲ್ಲು ಕಿತ್ತಿದ್ದೇನೆ. ಹಣ್ಣು ಕೊಯ್ದಿದ್ದೇನೆ, ಚಿಗುರು ತೆಗೆದಿದ್ದೇನೆ, ಗೊಬ್ಬರ ಹೊತ್ತಿದ್ದೇನೆ. ಆದರೆ ಹೆಚ್ಚು ದಿನ ಮಾಡಿದ್ದು ಹುಲ್ಲು ಕೀಳುವ ಕೆಲಸವೇ. ಮಳೆಗೆ ಮುಂಚೆ ಒಂದು ಸಲ, ಮಳೆಯ ನಡುವೆ ಪ್ಲಾಸ್ಟಿಕ್ ಹೊದ್ದುಕೊಂಡು ಒಂದು ಸಲ, ಮಳೆ ಬಿಟ್ಟ ಮೇಲೆ ಇನ್ನೊಂದು ಸಲ. ಗಿಡದ ಬುಡದಲ್ಲಿ ಹಸಿರು ಕಂಡರೆ ಮೇಸ್ತ್ರಿ ಬೈಯುತ್ತಿದ್ದ. ಬೈಸಿಕೊಂಡು ಬೈಸಿಕೊಂಡು ಕೈಗೆ ಅದೇ ಅಭ್ಯಾಸವಾಯಿತು. ಈಗಲೂ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾ ಕೂತರೆ ಕಲ್ಲಿನ ಸಂದಿಯ ಹುಲ್ಲು ಕೀಳುತ್ತಿರುತ್ತೇನೆ.

ಅಂಥವಳು ಮನೆಯ ಹಿಂದೆ ಹುಲ್ಲು ನೆಟ್ಟೆ. ದಿಬ್ಬ ಕಟ್ಟಿ, ಸುತ್ತ ಕಲ್ಲಿಟ್ಟು ಸಾಕಿದೆ. ಆಮೇಲೆ ನನ್ನ ಕೈಯಿಂದಲೇ ಕತ್ತರಿಸಿದೆ. ಅದನ್ನು ಬರೆಯಲು ಕೂತಿದ್ದೇನೆ. ಹುಲ್ಲಿನ ವಿಷಯ ಬರೆದರೆ ಮಗಳ ವಿಷಯವೂ ಬರುತ್ತದೆ. ಎರಡನ್ನೂ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಮಗಳು ಒಬ್ಬಳೇ. ಆಲ್ದೂರಿನ ಕಡೆಗೆ ಮದುವೆ ಮಾಡಿ ಕೊಟ್ಟಿದ್ದೆ. ಮೂರು ವರ್ಷಕ್ಕೆ ವಾಪಸ್ ಬಂದಳು. ಯಾಕೆ ಬಂದೆ ಅಂತ ಕೇಳಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆಮೇಲೆ ದೇವರಮನೆ ಗುಡ್ಡದ ಕಡೆಯ ಒಂದು ಹೋಂಸ್ಟೇಯಲ್ಲಿ ರೂಮು ಗುಡಿಸುವ, ಹಾಸಿಗೆ ಬಟ್ಟೆ ಬದಲಾಯಿಸುವ ಕೆಲಸಕ್ಕೆ ಸೇರಿದಳು. ಏಳು ವರ್ಷ ಮಾಡಿದಳು. ಅಲ್ಲೇ ಉಳಿದು, ಹದಿನೈದು ದಿನಕ್ಕೊಂದು ಸಲ ಮನೆಗೆ ಬರುತ್ತಿದ್ದಳು. ಬಂದರೆ ಬಾಯಿ ನಿಲ್ಲುತ್ತಿರಲಿಲ್ಲ. ಜಿಗಣೆ ಕಂಡು ಗೆಸ್ಟ್‌ಗಳು ಮೇಜು ಹತ್ತಿದ್ದನ್ನು ತಾನೇ ಮಣೆ ಹತ್ತಿ ನಿಂತು ತೋರಿಸುತ್ತಿದ್ದಳು. ನಾನು "ಸಾಕು ಬಾಯಿ ಮುಚ್ಚೇ, ಅನ್ನ ತಣ್ಣಗಾಯ್ತು" ಅನ್ನುತ್ತಿದ್ದೆ. ಹಾಗೆ ಎಷ್ಟು ಸಲ ಅಂದಿದ್ದೇನೋ.

ಎರಡು ವರ್ಷದ ಹಿಂದೆ, ಕಾಫಿ ಕೊಯ್ಲು ಮುಗಿದು ಕಣ ಗುಡಿಸಿಡುವ ಹೊತ್ತಿನಲ್ಲಿ, ಒಂದು ಸಾಯಂಕಾಲ ಹೇಳದೆ ಕೇಳದೆ ಬಸ್ಸಿಳಿದು ಬಂದಳು. ಕೈಯಲ್ಲಿ ಬಟ್ಟೆಯ ಬ್ಯಾಗು, ತಲೆಯ ಮೇಲೆ ಹಳೆಯ ಗೊಬ್ಬರದ ಚೀಲ. ಚೀಲವನ್ನು ಬಚ್ಚಲ ಗೋಡೆಗೆ ಒರಗಿಸಿದಳು. ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಸುಸ್ತಾಗಿರಬೇಕು ಅಂದುಕೊಂಡೆ. ಮಾರನೇ ದಿನವೂ ಏಳಲಿಲ್ಲ. ಮೂರನೇ ದಿನವೂ ಇಲ್ಲ. ಜ್ವರ ಇಲ್ಲ, ನೋವು ಇಲ್ಲ. ಕೇಳಿದರೆ ಉತ್ತರ ಇಲ್ಲ. ತಟ್ಟೆ ಹತ್ತಿರ ಇಟ್ಟರೆ ಎರಡು ತುತ್ತು ತಿನ್ನುತ್ತಿದ್ದಳು. ಎಬ್ಬಿಸಿದರೆ ಬಚ್ಚಲಿಗೆ ಹೋಗಿ ಬಂದು ಮತ್ತೆ ಮಲಗುತ್ತಿದ್ದಳು. ಅವಳ ಹಾಸಿಗೆಯ ಮೇಲ್ಗಡೆ ಒಂದು ಕಿಟಕಿ ಇದೆ, ಹಿತ್ತಿಲ ಕಡೆಗೆ ತೆರೆಯುತ್ತದೆ. ಅದನ್ನು ಒಳಗಿನಿಂದ ಚಿಲಕ ಹಾಕಿಕೊಂಡಳು. ಹಗಲಲ್ಲೂ ಕೋಣೆಯಲ್ಲಿ ಕತ್ತಲೆ.

ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅವಳನ್ನು ಒಂದು ಗಂಟೆ ಕೂರಿಸಿಕೊಂಡು ಮಾತಾಡಿಸಿದರು. ಆಮೇಲೆ ನನ್ನನ್ನು ಕರೆದು, ಮನಸ್ಸಿಗೆ ಬಂದಿರುವ ಕಾಯಿಲೆ, ಸೋಮಾರಿತನ ಅಲ್ಲ, ಬೈಯಬೇಡಿ, ಗುಣವಾಗಲು ಕಾಲ ಬೇಕು ಅಂದರು. ಮಾತ್ರೆ ಕೊಟ್ಟರು. ಮನಸ್ಸಿಗೂ ಕಾಯಿಲೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಮಗೂ ಬಂದಿದ್ದಿರಬಹುದು. ಮಲಗಲು ಪುರುಸೊತ್ತು ಇರಲಿಲ್ಲ.

ಬಂದು ಇಪ್ಪತ್ತು ದಿನ ಆಗಿರಬೇಕು. ಬಚ್ಚಲ ಹತ್ತಿರ ಗುಡಿಸುತ್ತಿದ್ದೆ. ಆ ಚೀಲ ಬಿಸಿಲಲ್ಲಿ ಹಾಗೇ ಬಿದ್ದಿತ್ತು. ಒಳಗೆ ನೋಡಿದರೆ ಒಣಗಿದ ಹುಲ್ಲು, ಬೇರಿಗೆ ಅಂಟಿದ ಮಣ್ಣು. ಯಾವ ಕಸ ಹೊತ್ತುಕೊಂಡು ಬಂದಿದ್ದಾಳೋ ಅಂತ ಬೇಲಿಯ ಆಚೆ ಎಸೆಯಲು ಎತ್ತಿದೆ. ಪ್ಲಾಸ್ಟಿಕ್ ಚೀಲ ಸರಬರ ಅಂತು. ಮುಚ್ಚಿದ ಕಿಟಕಿಯ ಹಿಂದಿನಿಂದ ಮಾತು ಬಂತು.

"ಅವ್ವ, ಅದನ್ನ ಬಿಸಾಡ್ಬೇಡ."

ಇಪ್ಪತ್ತು ದಿನದಲ್ಲಿ ಅವಳಾಗಿ ಆಡಿದ ಮೊದಲ ಮಾತು ಅದು. ನಾನು ಚೀಲ ಹಿಡಿದುಕೊಂಡು ಅಲ್ಲೇ ನಿಂತೆ. "ಎಂತ ಇದು?" ಅಂದೆ. ಬೇರು ಮುಟ್ಟಿ ನೋಡಿ "ನೆಡ್ಬೇಕಾ?" ಅಂದೆ. "ಹೂಂ" ಅಂದಳು.

ಚೀಲ ನೆಲಕ್ಕೆ ಸುರಿದೆ. ಮೂರು ಬುಡ ಇತ್ತು. ಇಪ್ಪತ್ತು ದಿನ ಒಂದು ಹನಿ ನೀರಿಲ್ಲ, ಕುಂಭ ಮಾಸದ ಬಿಸಿಲು. ಕಾಫಿ ಸಸಿ ಆಗಿದ್ದರೆ ಎರಡೇ ದಿನಕ್ಕೆ ಹೋಗುತ್ತಿತ್ತು. ಇದರ ಒಣಗಿದ ಎಲೆ ಬಿಡಿಸಿ ನೋಡಿದರೆ ನಡುವೆ ಹಸಿರು ಇತ್ತು. ಜೀವ ಗಟ್ಟಿ ಅನ್ನಿಸಿತು. ಅವಳ ಕಿಟಕಿಯ ಕೆಳಗೇ ನೆಟ್ಟೆ. ಕಿಟಕಿ ತೆರೆದರೆ ಕಾಣಲಿ ಅಂತ. ಇದಕ್ಕಾಗಿ ಮಾತಾಡಿದವಳು ಇದಕ್ಕಾಗಿ ಎದ್ದರೂ ಎದ್ದಾಳು ಅಂತ. ಹುಲ್ಲಿನ ಮೇಲೆ ಬೇರೆ ಯಾವ ಆಸೆಯೂ ನನಗೆ ಇರಲಿಲ್ಲ.

ಆದರೆ ನೆಟ್ಟಿದ್ದು ನನಗೆ ಗೊತ್ತಿದ್ದ ಹಾಗೆ. ನನಗೆ ಗೊತ್ತಿದ್ದದ್ದು ಕಾಫಿ. ಮೊಣಕಾಲುದ್ದ ಗುಂಡಿ ತೆಗೆದು, ಹಳೆಯ ಸಗಣಿ ಗೊಬ್ಬರ ತುಂಬಿ, ಬುಡಕ್ಕೆ ಸೊಪ್ಪು ಮುಚ್ಚಿ, ಮೇಲೆ ಕಾಡಿನ ಜರಿ ಸೊಪ್ಪಿನ ನೆರಳು ಮಾಡಿ, ಬೆಳಿಗ್ಗೆ ಸಂಜೆ ನೀರು ಹಾಕಿದೆ. ಪಕ್ಕದ ಮನೆಯವಳು ಬೇಲಿಯ ಮೇಲಿಂದ ನೋಡಿದಳು. ಅವಳೂ ನನ್ನ ಜೊತೆಗೆ ಅದೇ ತೋಟದಲ್ಲಿ ಕೆಲಸ ಮಾಡಿದವಳು, ನನಗಿಂತ ಎರಡು ವರ್ಷ ದೊಡ್ಡವಳು, ನಾಲಿಗೆ ಮಾತ್ರ ಇನ್ನೂ ಹರೆಯದ್ದು.

"ಎಂತ ಮಾರಾಯ್ತಿ ಅದು? ಏಲಕ್ಕಿಯಾ?"

"ಹುಲ್ಲು."

"ಹುಲ್ಲು ಅಂದ್ರೆ?"

"ಹುಲ್ಲು ಅಂದ್ರೆ ಹುಲ್ಲು ಕಣೆ."

"ಅಯ್ಯೋ ನಿನ್ನ! ಜೀವಮಾನ ಎಲ್ಲ ಕಿತ್ತಿದ್ದು ಸಾಕಾಗ್ಲಿಲ್ಲ ಅಂತ ಈಗ ನೆಟ್ಟು ಕೀಳ್ತೀಯಾ? ಆ ಮೇಸ್ತ್ರಿ ಬದುಕಿದ್ರೆ ನಿನ್ನ ನೋಡಿ ಇನ್ನೊಂದ್ಸಲ ಸಾಯ್ತಿದ್ದ."

ಮಳೆಗಾಲ ಬಂತು. ನಮ್ಮ ಕಡೆಯ ಮಳೆ ಹೇಗೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಿಸಿಲಿಗೆ ಸಾಯದ ಹುಲ್ಲು ಮಳೆಗೆ ಸಾಯತೊಡಗಿತು. ಮೂರರಲ್ಲಿ ಒಂದು ಚಿಕ್ಕದು, ಬೂದು ನೀಲಿ ಬಣ್ಣ, ಮುಳ್ಳುಹಂದಿ ಮರಿಯ ಹಾಗೆ ಉಂಡೆಯಾಗಿತ್ತು. ಅದು ಆಷಾಢದಲ್ಲೇ ಕೊಳೆಯಿತು. ಮುಟ್ಟಿದರೆ ಹಿಡಿಯಾಗಿ ಕೈಗೆ ಬಂತು, ವಾಸನೆ. ಉಳಿದ ಎರಡು ಉದ್ದುದ್ದ ಬೆಳೆದು ನೆಲಕ್ಕೆ ಮಲಗಿದವು. ಒಳಗೆ ಅವಳು ಮಲಗಿದ್ದಳು, ಹೊರಗೆ ಇವು. ನನಗೆ ಹೆದರಿಕೆಯಾಯಿತು. ಒಂದು ದಿನ ಅವಳಿಗೆ ಅನ್ನ ಇಟ್ಟು, ಪಕ್ಕದವಳಿಗೆ ನೋಡಿಕೋ ಅಂತ ಹೇಳಿ, ಕೊಡೆ ಹಿಡಿದು ಆ ಹೋಂಸ್ಟೇಗೇ ಹೋದೆ.

ಬಸ್ಸಿಳಿದು ಒಂದು ಗಂಟೆ ನಡೆಯಬೇಕು. ಮಂಜು ಕವಿದು ದಾರಿ ಕಾಣುತ್ತಿರಲಿಲ್ಲ. ಗೇಟಿನ ಹತ್ತಿರ ತೋಟ ನೋಡಿಕೊಳ್ಳುವವನು ಸಿಕ್ಕಿದ. ಬಯಲುಸೀಮೆಯವನು, ನಡುವಯಸ್ಸು. ನಾನು ಯಾರು ಅಂತ ಹೇಳಿದ ಕೂಡಲೇ ಶೆಡ್ಡಿನೊಳಗೆ ಕರೆದು ಕೂರಿಸಿ ಚಹಾ ಕೊಟ್ಟ.

"ಅಕ್ಕ ಹೆಂಗಿದಾರಮ್ಮ?"

"ಮಲಗಿದಾಳೆ" ಅಂದೆ. "ನೀವೇನಾದ್ರೂ ಅಂದ್ರಾ ಅವಳಿಗೆ? ಯಾರಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲಮ್ಮ. ನಾನೂ ತಲೆ ಕೆಡಿಸ್ಕೊಂಡಿದೀನಿ. ಹಿಂದ್ಗಡೆ ಚಂದಕ್ಕೆ ಅಂತ ಈ ಹುಲ್ಲೆಲ್ಲ ದೊಡ್ಡದಾಗಿ ಬೆಳ್ಸಿದ್ವಿ. ನಾನು ನೆಟ್ಟೆ ಅಷ್ಟೇ, ನೋಡ್ಕೊಂಡಿದ್ದು ಅಕ್ಕ. ಊಟದ ಹೊತ್ತಲ್ಲಿ ತಟ್ಟೆ ತಗೊಂಡು ಹೋಗಿ ಅಲ್ಲೇ ಕೂರೋರು. ಆ ದಿನ ಜೆಸಿಬಿ ಬಂದು ಎಲ್ಲ ಕಿತ್ತು ಹಾಕ್ತು, ಈಜುಕೊಳ ಮಾಡ್ಬೇಕು ಅಂತ. ಅಕ್ಕ ಆ ರಾಶಿಯಿಂದ ಮೂರು ಬುಡ ಆರಿಸ್ಕೊಂಡ್ರು. ಸಂಜೆ ಹೋದೋರು ಬರ್ಲೇ ಇಲ್ಲ."

"ಹುಲ್ಲು ಕಿತ್ರು ಅಂತ ಯಾರಾದ್ರೂ ಕೆಲಸ ಬಿಡ್ತಾರಾ?"

"ಅದೇ ನಂಗೂ ಗೊತ್ತಾಗ್ಲಿಲ್ಲ" ಅಂದ.

ಹುಲ್ಲಿನ ಕಥೆ ಹೇಳಿದೆ. ಅವನು ತಲೆ ಮೇಲೆ ಕೈ ಇಟ್ಟುಕೊಂಡ. "ಗೊಬ್ಬರ ಹಾಕಿದ್ರಾ? ಅಮ್ಮಾ, ಇವು ಬಿಸಿಲುನಾಡಿನವು, ಬಡವರ ಮಕ್ಕಳ ಹಂಗೆ. ಉಪವಾಸ ಹಾಕಿದ್ರೆ ನೆಟ್ಟಗೆ ನಿಲ್ತವೆ, ಉಣ್ಣಕ್ಕಿಕ್ಕಿದ್ರೆ ಬಿದ್ಕೊಂತವೆ. ನಮ್ಮೂರಲ್ಲಾದ್ರೆ ನೀರಿಲ್ಲ ಅಂತ ಹೆದರ್ಬೇಕು, ನಿಮ್ಮೂರಲ್ಲಿ ನೀರಿಗೇ ಹೆದರ್ಬೇಕು." ಗೇಟಿನ ಪಕ್ಕ ಉಳಿದಿದ್ದ ಒಂದು ಸಾಲು ತೋರಿಸಿದ. ಮೊಣಕಾಲೆತ್ತರದ ದಿಬ್ಬ, ಜಲ್ಲಿ ಮತ್ತು ಕೆಂಪು ಮರಳು ಸೇರಿಸಿದ ಮಣ್ಣು, ಬುಡ ಮಣ್ಣಿಗಿಂತ ಮೇಲೆ, ನೀರು ಹರಿದು ಹೋಗಲು ಸುತ್ತ ಕಾಲುವೆ. ನೆರಳು ಇಲ್ಲ. ಗೊಬ್ಬರ ಇಲ್ಲ. ಹುಲ್ಲಿಗೆ ಇಂಗ್ಲಿಷ್ ಹೆಸರುಗಳನ್ನೂ ಹೇಳಿದ, ನನ್ನ ಬಾಯಲ್ಲಿ ನಿಲ್ಲಲಿಲ್ಲ. ಕೊನೆಗೆ ಒಂದು ಮಾತು ಹೇಳಿದ. "ಚಳಿ ಕಳೆದ್ಮೇಲೆ ಪೂರ್ತಿ ಒಣಗಿ ನಿಲ್ಲುತ್ತೆ. ಆಗ ಕೀಳ್ಬೇಡಿ. ಒಣಗಿದ್ದೇ ಇದರ ಚಂದ. ಅಕ್ಕಂಗೂ ಅದೇ ಇಷ್ಟ. ಮೊದಲ ಮಳೆಗೆ ಒಂದು ವಾರ ಇದೆ ಅನ್ನೋವಾಗ ಗೇಣುದ್ದ ಬಿಟ್ಟು ಕತ್ತರಿಸಿ, ಮತ್ತೆ ಚಿಗುರುತ್ತೆ."

ಆಯ್ತು ಅಂದೆ. ಮನಸ್ಸಿನಲ್ಲಿ, ಒಣಗಿದ ಹುಲ್ಲಿನಲ್ಲಿ ಎಂಥ ಚಂದ, ಇವನಿಗೆ ಬೇರೆ ಕೆಲಸ ಇಲ್ಲ ಅಂದುಕೊಂಡೆ.

ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಎರಡೂ ಬುಡ ಕಿತ್ತೆ. ರಸ್ತೆ ಕೆಲಸದವರು ಬಿಟ್ಟು ಹೋಗಿದ್ದ ಜಲ್ಲಿಯನ್ನು ಬುಟ್ಟಿಯಲ್ಲಿ ಹೊತ್ತು ತಂದೆ. ದಿಬ್ಬ ಕಟ್ಟಿ, ಕಾಲುವೆ ತೆಗೆದು, ಮತ್ತೆ ನೆಟ್ಟೆ. ಮೇಲೆ ಹಾಲವಾಣದ ಕೊಂಬೆ ಒಂದು ನೆರಳು ಬೀಳಿಸುತ್ತಿತ್ತು, ಅದನ್ನೂ ಕಡಿದೆ. ನೆರಳಿನ ಮರಕ್ಕೆ ಕತ್ತಿ ಹಾಕಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮಳೆ ಕಡಿಮೆಯಾಗುತ್ತಾ ಬಂದ ಹಾಗೆ ಎರಡೂ ನೆಟ್ಟಗೆ ನಿಂತವು. ಒಂದರ ಎಲೆ ಕೆಂಗಂದು, ಅದಕ್ಕೆ ನರಿಯ ಬಾಲದ ಹಾಗೆ ತೂಗುವ ಹೂ ಬಂತು. ಇನ್ನೊಂದು ನನಗಿಂತ ಎತ್ತರ, ಎಲೆಗೆ ಅಡ್ಡಡ್ಡ ಹಳದಿ ಪಟ್ಟೆ, ತುದಿಯಲ್ಲಿ ಬೆಳ್ಳಿ ಬಣ್ಣದ ಕುಚ್ಚು. ಆ ಕುಚ್ಚು ಸರಿಯಾಗಿ ಕಿಟಕಿಯ ಎತ್ತರಕ್ಕೆ ಬಂತು. ಗಾಳಿ ಬೀಸಿದರೆ ಕಿಟಕಿಯ ಬಾಗಿಲಿಗೆ ತಾಗಿ ಸರಸರ ಶಬ್ದ ಮಾಡುತ್ತಿತ್ತು.

ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದೆ. ಕಿಟಕಿ ಒಂದು ಅಂಗೈಯಷ್ಟು ತೆರೆದಿತ್ತು. ಸರಳಿನ ಮೇಲೆ ಅವಳ ನಾಲ್ಕು ಬೆರಳು. ನಾನು ಆ ಕಡೆ ನೋಡಲಿಲ್ಲ. ಕಾಡಿನ ಪ್ರಾಣಿ ಬಂದರೆ ಹೇಗೆ ಸುಮ್ಮನೆ ಇರುತ್ತೇವೋ ಹಾಗೆ ಸೌದೆ ಒಡೆಯುತ್ತಲೇ ಇದ್ದೆ. ಎಂಟು ದಿನ ಬಿಟ್ಟು ಕಿಟಕಿ ಪೂರ್ತಿ ತೆರೆಯಿತು. ಸಣ್ಣ ಕಂದು ಹಕ್ಕಿಗಳು ಕುಚ್ಚಿನಿಂದ ಎಳೆ ಕಿತ್ತು ಗೂಡಿಗೆ ಒಯ್ಯುತ್ತಿದ್ದವು. ಅವಳು ಗಲ್ಲ ಊರಿಕೊಂಡು ನೋಡುತ್ತಿದ್ದಳು. ಒಂದು ದಿನ ನನ್ನನ್ನು ಕರೆದು, "ಅವ್ವ, ಆ ದಿಬ್ಬದ ಬಲಗಡೆ ಕಳೆ ಬಂದಿದೆ, ನಿಂಗೆ ಕಾಣ್ಲಿಲ್ವಾ?" ಅಂದಳು. ನನಗೆ ಕಳೆ ಕಾಣಲಿಲ್ಲವಾ ಅಂತ ಕೇಳುತ್ತಾಳೆ! ಕಾಣಲಿಲ್ಲ ಕಣೆ, ಮುದುಕಿ ಆದೆ, ಅಂದೆ. ನಿಜವಾಗಿ ಅವಳು ಹೇಳಲಿ ಅಂತಲೇ ಬಿಟ್ಟಿದ್ದೆ.

ಸಂಕ್ರಾಂತಿ ಕಳೆಯಿತು. ಹುಲ್ಲು ಒಣಗಿತು. ಕೆಂಪು ಇದ್ದದ್ದು ಒಣ ಗೋಧಿಯ ಬಣ್ಣಕ್ಕೆ ಬಂತು. ನನ್ನ ಕಣ್ಣಿಗೆ ಸತ್ತ ಹಾಗೇ ಕಂಡಿತು. ಆದರೆ ಅವಳು ಹೊರಗೆ ಬಂದಳು. ಬಚ್ಚಲಿಗೆ ಹೋದವಳು ವಾಪಸ್ ಒಳಗೆ ಹೋಗದೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹುಲ್ಲಿಗೆ ಎದುರಾಗಿ ಕೂತಳು. ಒಂದು ವರ್ಷ ಬಿಸಿಲು ಕಾಣದ ಪಾದ, ಸುಣ್ಣದ ಹಾಗೆ ಬೆಳ್ಳಗೆ ಇತ್ತು. ಮಾರನೇ ದಿನವೂ ಬಂದಳು. ನಾಲ್ಕನೇ ದಿನ ಬಾಚಣಿಗೆ ತಂದು ತಾನೇ ತಲೆ ಬಾಚಿಕೊಂಡಳು. ಪಕ್ಕದವಳು ನೋಡಿ, "ಎಂತದೇ, ಎದ್ದ್ಯಾ? ನಿನ್ನವ್ವ ಆ ಹುಲ್ಲಿಗೆ ಕೊಡೋ ಮರ್ಯಾದೆ ನಂಗೆ ಕೊಡಲ್ಲ ಕಣೆ, ಒಂದ್ ಲೋಟ ಕಾಫಿ ಕೇಳಿದ್ರೆ ಮುಖ ತಿರುಗಿಸ್ತಾಳೆ" ಅಂದಳು. ಮಗಳು ನಕ್ಕಳು. ಶಬ್ದ ಬರಲಿಲ್ಲ, ಆದರೆ ಹಲ್ಲು ಕಂಡಿತು.

ಆ ಸಂಜೆ ಅವಳು ಎದ್ದು ಒಳಗೆ ಹೋಗುವಾಗ, "ಅವ್ವ, ಮಳೆ ಬಂದ್ಮೇಲೆ ಇದನ್ನ ಸೀಳಿ ಆ ಬೇಲಿ ಉದ್ದಕ್ಕೂ ಹಾಕಣ" ಅಂದಳು. ಮಳೆ ಬಂದ ಮೇಲೆ ಅಂದಳು. ಮುಂದಿನ ದಿನದ ಮಾತು ಅವಳ ಬಾಯಿಂದ ಬಂದು ಎಷ್ಟೋ ಕಾಲವಾಗಿತ್ತು.

ಇನ್ನು ನಾನು ಮಾಡಿದ್ದು.

ತೋಟದಲ್ಲಿ ಕೆಲಸ ಮಾಡಿದವರಿಗೆ ಫೈರ್‌ಲೈನ್ ಅಂದರೆ ಗೊತ್ತು. ಪ್ರತಿ ವರ್ಷ ಬೇಸಿಗೆ ಶುರುವಾಗುವಾಗ ಗಡಿಯ ಉದ್ದಕ್ಕೂ ಒಣ ಹುಲ್ಲು, ತರಗು ಎಲ್ಲ ಕೆರೆದು, ಪೊರಕೆಯಿಂದ ಗುಡಿಸಿ, ಬರೀ ಕೆಂಪು ಮಣ್ಣು ಕಾಣುವ ಹಾಗೆ ಮಾಡುತ್ತೇವೆ. ಆಚೆ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದರೆ ಆ ಗೆರೆ ದಾಟಿ ಈಚೆಗೆ ಬರಬಾರದು ಅಂತ. ನಾನು ಹರೆಯದವಳಿದ್ದಾಗ ಒಂದು ವರ್ಷ ಆ ಕೆಲಸ ತಡವಾಯಿತು. ಬೆಂಕಿ ಬಂದು ನಾವು ಕೂಲಿಯವರು ಇರುವ ಲೈನ್ ಮನೆಗಳಲ್ಲಿ ನಾಲ್ಕನ್ನು ಸುಟ್ಟಿತು. ಕಟ್ಟಿ ಹಾಕಿದ್ದ ಹಸು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಅವತ್ತಿನಿಂದ ಬೇಸಿಗೆಯಲ್ಲಿ ಮನೆಯ ಹತ್ತಿರ ಒಣ ಹುಲ್ಲು ಕಂಡರೆ ನನ್ನ ಕೈ ಕತ್ತಿ ಹುಡುಕುತ್ತದೆ.

ಕಳೆದ ವರ್ಷ ಶಿವರಾತ್ರಿ ಆದ ವಾರದಲ್ಲಿ ಎದುರಿನ ಗುಡ್ಡಕ್ಕೆ ಬೆಂಕಿ ಬಿತ್ತು. ಬೆಳಿಗ್ಗೆಯೇ ಹೊಗೆ. ಮಧ್ಯಾಹ್ನಕ್ಕೆ ಹಿತ್ತಿಲಲ್ಲಿ ಕರಿ ಬೂದಿ ಉದುರತೊಡಗಿತು. ನಮ್ಮ ಸಾಲಿನ ಮನೆಯವರೆಲ್ಲ ಕತ್ತಿ, ಪೊರಕೆ ಹಿಡಿದು ಹಿಂದೆ ಇಳಿದರು. ನಾನೂ ಇಳಿದೆ. ಮಗಳು ಮಾತ್ರೆ ನುಂಗಿ ಮಲಗಿದ್ದಳು. ಆ ಮಾತ್ರೆಗೆ ಮಧ್ಯಾಹ್ನ ಗಾಢ ನಿದ್ದೆ ಬರುತ್ತದೆ.

ಬೇಲಿಯಿಂದ ಶುರು ಮಾಡಿದೆ. ಬಗ್ಗಿ ಕತ್ತಿ ಹಿಡಿದರೆ ನನಗೆ ಒಂದು ಮೊಳ ಮುಂದಿನ ನೆಲ ಮಾತ್ರ ಕಾಣುತ್ತದೆ, ಕೈ ತಾನಾಗಿ ಹೋಗುತ್ತದೆ. ಹಾಗೆ ಕೆರೆಯುತ್ತಾ ಮನೆಯ ಗೋಡೆಗೆ ಬಂದೆ. ದಿಬ್ಬ ಎದುರಾಯಿತು. ಗೊತ್ತಾಗದೆ ಕತ್ತರಿಸಿದೆ ಅಂತ ಬರೆದರೆ ಸುಳ್ಳಾಗುತ್ತದೆ. ನಿಂತೆ. ನೋಡಿದೆ. ಅಟ್ಟದ ಸೌದೆಗಿಂತ ಒಣಗಿತ್ತು. ಒಂದು ಕಿಡಿ ಸಾಕು, ಮೇಲೆ ಮರದ ಕಿಟಕಿ, ಒಳಗೆ ಅವಳು. ಎಬ್ಬಿಸಿ ಕೇಳೋಣ ಅನ್ನಿಸಿತು. ಕೇಳಿದರೆ ಬೇಡ ಅನ್ನುತ್ತಾಳೆ ಅಂತಲೂ ಗೊತ್ತಿತ್ತು. ಹೇಗೂ ಮಳೆಗೆ ಮುಂಚೆ ಕತ್ತರಿಸಬೇಕು ಅಂತ ಆ ತೋಟದವನು ಹೇಳಿದ್ದ, ಒಂದು ತಿಂಗಳು ಮುಂಚೆ ಆದರೆ ಏನು ಅಂದುಕೊಂಡೆ. ಪಕ್ಕದವಳು "ಎಂತ ನೋಡ್ತಾ ನಿಂತೆ, ಬೇಗ ಬೇಗ" ಅಂತ ಕೂಗಿದಳು. ಹಿಡಿ ಹಿಡಿಯಾಗಿ ಹಿಡಿದು ಗೇಣುದ್ದ ಬಿಟ್ಟು ಕತ್ತರಿಸಿದೆ. ಗುಡಿಸಿದ ಕಸದ ಜೊತೆಗೆ ಬರಿ ನೆಲದ ಮೇಲೆ ರಾಶಿ ಹಾಕಿ, ರೂಢಿಯ ಹಾಗೆ, ಸುತ್ತ ನಿಂತು ಸುಟ್ಟೆವು. ಕುಚ್ಚು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ಹೊಗೆಯ ವಾಸನೆಗೆ ಅವಳಿಗೆ ಎಚ್ಚರವಾಯಿತು. ಕಿಟಕಿ ತೆರೆಯಿತು. ಅವಳು ಮೊದಲು ಕೆಳಗೆ ನೋಡಿದಳು, ಆಮೇಲೆ ರಾಶಿ ನೋಡಿದಳು, ಆಮೇಲೆ ನನ್ನ ಕೈಯಲ್ಲಿದ್ದ ಕತ್ತಿ.

"ಇದೂ ನಿನ್ನ ಕಣ್ಣಿಗೆ ಕಸ ಆಯ್ತಾ ಅವ್ವ?"

"ಬೆಂಕಿ ಬರ್ತಿತ್ತು ಕಣೆ. ಎದುರು ಗುಡ್ಡ ನೋಡು."

"ಬಂದಿದ್ರೆ ಬರ್ತಿತ್ತು" ಅಂದಳು.

ಕಿಟಕಿ ಎಳೆದುಕೊಂಡಳು. ಚಿಲಕ ಬಿದ್ದ ಶಬ್ದ ಕೇಳಿಸಿತು. ಪಕ್ಕದವಳು ಬಗ್ಗಿ ಬೂದಿ ಗುಡಿಸತೊಡಗಿದಳು. 

ಬೆಂಕಿ ಬರಲಿಲ್ಲ. ಸಂಜೆಗೆ ಗಾಳಿ ತಿರುಗಿತು, ಅರಣ್ಯ ಇಲಾಖೆಯ ಗಾರ್ಡ್‌ಗಳು ಸೊಪ್ಪು ಹಿಡಿದು ಬಡಿದು ಆರಿಸಿದರು. ಹಳ್ಳದ ಆಚೆಗೇ ನಿಂತಿತು.

ಚೈತ್ರದಲ್ಲಿ ಕಾಫಿ ಹೂ ಅರಳಿಸುವ ಮಳೆ ಬಂತು. ಒಂದು ಮಳೆಗೇ ಹುಲ್ಲಿನ ಬುಡದಲ್ಲಿ ಹಸಿರು ಸೂಜಿಯ ಹಾಗೆ ಚಿಗುರು. ಕಿಟಕಿಯ ಹೊರಗೆ ನಿಂತು ಹೇಳಿದೆ. "ಚಿಗುರಿದೆ ಕಣೆ. ಎರಡೂ ಚಿಗುರಿದೆ. ನೋಡ್ಬಾ." ಹತ್ತು ದಿನ ಹೇಳಿದೆ. ಬೈದೂ ನೋಡಿದೆ, ಡಾಕ್ಟರಮ್ಮ ಬೇಡ ಅಂದಿದ್ದರೂ. ಅವಳು ಹೇಳಿದ್ದ ಹಾಗೆ ಬುಡ ಸೀಳಿ ಬೇಲಿಯ ಉದ್ದಕ್ಕೂ ಹಾಕಿದೆ. ಕಿಟಕಿಯ ಕೆಳಗೆ ಉಳಿಸಿದ ಎರಡೂ ಸೇರಿ ಹನ್ನೊಂದು ಬುಡ ಆಯಿತು, ಪ್ರತಿಯೊಂದಕ್ಕೂ ದಿಬ್ಬ, ಪ್ರತಿಯೊಂದಕ್ಕೂ ಕಾಲುವೆ. ಸೊಂಟ ಹಿಡಿದು ನಾಲ್ಕು ದಿನ ನಾನೇ ಮಲಗಿದೆ. ಆ ನಾಲ್ಕು ದಿನ ಇಬ್ಬರಿಗೂ ಪಕ್ಕದವಳು ಗಂಜಿ ತಂದಿಟ್ಟಳು. ದೀಪಾವಳಿಯ ಹೊತ್ತಿಗೆ ಬೇಲಿ ಉದ್ದಕ್ಕೂ ನರಿ ಬಾಲ, ಬೆಳ್ಳಿ ಕುಚ್ಚು. ರಸ್ತೆಯಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆದುಕೊಂಡರು. ಕಿಟಕಿ ತೆರೆಯಲಿಲ್ಲ.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. "ನೀವು ಹುಲ್ಲು ಕತ್ತರಿಸಿದ್ದರಿಂದ ಹೀಗಾಗಿದ್ದಲ್ಲ, ಈ ಕಾಯಿಲೆಯೇ ಹೀಗೆ, ಏರುತ್ತದೆ ಇಳಿಯುತ್ತದೆ, ನಿಮ್ಮ ಮೇಲೆ ಹಾಕಿಕೊಳ್ಳಬೇಡಿ" ಅಂದರು. ಒಳ್ಳೆಯವರು. ಮಾತ್ರೆ ಬದಲಾಯಿಸಿದರು. ಆದರೆ ಅವಳು ಕಲ್ಲಿನ ಮೇಲೆ ಕೂತು ತಲೆ ಬಾಚಿಕೊಂಡದ್ದನ್ನು ಅವರು ನೋಡಿಲ್ಲ, ನಾನು ನೋಡಿದ್ದೇನೆ. ಈಗ ಅವಳ ತಲೆ ನಾನೇ ಬಾಚುತ್ತೇನೆ. ಗೋಡೆಯ ಕಡೆ ತಿರುಗಿಕೊಂಡೇ ಇರುತ್ತಾಳೆ. ಕೂದಲು ಉಂಡೆ ಉಂಡೆಯಾಗಿ ಬಾಚಣಿಗೆಗೆ ಬರುತ್ತದೆ. ನನಗೆ ಎಪ್ಪತ್ತು ದಾಟಿದೆ. ನಾನು ಹೋದ ಮೇಲೆ ಅವಳ ಹತ್ತಿರ ತಟ್ಟೆ ಯಾರು ಇಡುತ್ತಾರೆ ಅಂತ ಬೆಳಿಗ್ಗೆ ಎದ್ದ ಕೂಡಲೇ ಯೋಚನೆ ಬರುತ್ತದೆ. ಹೋಗಿ ಒಲೆ ಹಚ್ಚುತ್ತೇನೆ.

ಒಂದು ಮಾತು ನನಗೆ ಅರ್ಥವಾಗಿದೆ, ಪ್ರಯೋಜನವಿಲ್ಲದ ಹೊತ್ತಿನಲ್ಲಿ. ಹಸಿರು ಇದ್ದಾಗ ಅವಳು ಹೊರಗೆ ಬರಲಿಲ್ಲ. ಪೂರ್ತಿ ಒಣಗಿ, ಆದರೂ ಬೀಳದೆ ನಿಂತಾಗ ಬಂದಳು. ಅದನ್ನೇ ನಾನು ಕತ್ತರಿಸಿದ್ದು. ಚಿಗುರಿದೆ ಬಾ, ಹೂ ಬಂದಿದೆ ಬಾ ಅಂತ ಕರೆದೆ. ಚಿಗುರು ಅವಳಿಗೆ ಬೇಕಾಗಿರಲಿಲ್ಲ.

ಈಗ ಮತ್ತೆ ಬೇಸಿಗೆ. ಹುಲ್ಲು ಮತ್ತೆ ಒಣಗಿ ನಿಂತಿದೆ, ಕಿಟಕಿಯ ಕೆಳಗೂ ಬೇಲಿಯ ಉದ್ದಕ್ಕೂ. ನಮ್ಮ ಸಾಲಿನವರು ಫೈರ್‌ಲೈನ್ ಕೆರೆದು ಮುಗಿಸಿದರು. ನನ್ನ ಹಿತ್ತಿಲು ಮಾತ್ರ ಹಾಗೇ ಇದೆ. ಮೊನ್ನೆ ನಾಲ್ಕು ಜನ ಬಂದು ಜಗಳ ಮಾಡಿದರು. ಅವರ ಮಾತು ಸರಿಯೇ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಜೋರಾಗಿ ಬೈಯುತ್ತಿದ್ದೆ. ಬೇಲಿಯ ಸಾಲು ಕತ್ತರಿಸಿಕೊಳ್ಳಿ ಅಂದೆ. ಹನ್ನೊಂದು ಬುಡದಲ್ಲಿ ಒಂಬತ್ತು ಅವರೇ ಕತ್ತರಿಸಿದರು. ಕಿಟಕಿಯ ಕೆಳಗಿನ ಎರಡರ ಹತ್ತಿರ ಬಂದಾಗ ನಾನು ಅಡ್ಡ ನಿಂತೆ.

ಪಕ್ಕದವಳು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿರ ಬಂದಳು.

"ಬೆಂಕಿ ಬಂದ್ರೆ ಎಂತ ಮಾಡ್ತೀಯೇ?"

"ನೀರು ಇಟ್ಕೊಂಡಿದೀನಿ."

"ನಾಲ್ಕು ಕೊಡ ನೀರಲ್ಲಿ ಗುಡ್ಡದ ಬೆಂಕಿ ಆರಿಸ್ತೀಯಾ? ಅವಳು ನೋಡೋದೂ ಇಲ್ವಲ್ಲೇ ಮಾರಾಯ್ತಿ. ಯಾರಿಗೆ ಇಟ್ಟಿದೀಯ?"

"ನೋಡ್ದೆ ಇದ್ರೆ ಬೇಡ" ಅಂದೆ. "ನಾನು ಇನ್ನೊಂದ್ಸಲ ಕತ್ತರಿಸಲ್ಲ."

ಅವಳು ಹೋದಳು. ಸಂಜೆ ಇನ್ನೆರಡು ಕೊಡ ನೀರು ಹೊತ್ತು ತಂದು ದಿಬ್ಬದ ಪಕ್ಕ ಇಟ್ಟು ಹೋದಳು.

ಈಗ ಆರು ಕೊಡ. ಬಾವಿಯಲ್ಲಿ ನೀರು ಇಳಿದಿದೆ, ಸೇದಲು ಹೊತ್ತು ಹಿಡಿಯುತ್ತದೆ. ಮೂರು ದಿನಕ್ಕೆ ಸೊಳ್ಳೆ ಮರಿ ಬೀಳುತ್ತದೆ, ಚೆಲ್ಲಿ ಹೊಸದು ತುಂಬಬೇಕು. ಚೆಲ್ಲುವ ನೀರು ಹುಲ್ಲಿಗೆ ಬೀಳದ ಹಾಗೆ ಆಚೆ ಚೆಲ್ಲುತ್ತೇನೆ, ಅದಕ್ಕೆ ಬೇಡ. ಗಾಳಿಗೆ ಕುಚ್ಚು ಕಿಟಕಿಯ ಬಾಗಿಲಿಗೆ ತಾಗುತ್ತದೆ. ಒಳಗೆ ಕೇಳಿಸುತ್ತದೋ ಇಲ್ಲವೋ. ನಾನು ಕೊಡ ಎತ್ತಿಕೊಂಡು ಮತ್ತೆ ಬಾವಿಗೆ ಹೋಗುತ್ತೇನೆ.